ಒಂದು ಗಂಟು ನನ್ನದು

ಇದು ಹೋದ ವರ್ಷ ದಸರಾ ಮುಗಿದು, ದೀಪಾವಳಿ ಇನ್ನೂ ಬಂದಿರದ ದಿನಗಳಲ್ಲಿ ನಡೆದದ್ದು. ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ. ಆದರೂ ಹೇಳಲೇಬೇಕು, ಏಕೆಂದರೆ ಆ ದಿನಗಳಲ್ಲಿ ಇಬ್ಬರು ಹೆಂಗಸರು ನನ್ನನ್ನು ಬೈಯದೆಯೇ ತಿದ್ದಿದರು.

ಮೊದಲು ನನ್ನ ಗುಣ ಹೇಳಿಬಿಡುತ್ತೇನೆ. ಮೈಸೂರಿನ ಜಯಲಕ್ಷ್ಮಿಪುರಂನ ನಮ್ಮ ಮನೆಯಲ್ಲಿ ಎಲ್ಲರ ಪರವಾಗಿ ಮಾತನಾಡುವವಳು ನಾನೇ. ಡಾಕ್ಟರು ಅತ್ತೆಯನ್ನು "ಹೇಗಿದೀರಮ್ಮ?" ಎಂದು ಕೇಳಿದರೆ ಅವರು ಬಾಯಿ ತೆರೆಯುವುದರೊಳಗೆ ಮಂಡಿನೋವಿನಿಂದ ಹಿಡಿದು ನಿದ್ದೆಯವರೆಗೆ ನಾನೇ ವರದಿ ಒಪ್ಪಿಸುತ್ತೇನೆ. ಹೋಟೆಲಿಗೆ ಹೋದರೆ ಎಲ್ಲರಿಗೂ ನಾನೇ ಆರ್ಡರ್ ಮಾಡುತ್ತೇನೆ. ಯಾರಿಗೆ ಏನು ಸೇರುತ್ತದೆ ಎಂದು ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ನನ್ನ ಗಂಡ ಒಮ್ಮೆ, "ಸುನಂದಾ, ನಾಳೆ ನನಗೆ ನೆಗಡಿ ಆಗುತ್ತೋ ಇಲ್ವೋ ನೋಡಿ ಹೇಳು" ಎಂದು ಕಿಚಾಯಿಸಿದ್ದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಮಗಳು ಹಾಸ್ಟೆಲ್ ಸೇರಿದ ಮೇಲೆ ಹಗಲೆಲ್ಲ ಖಾಲಿ ಖಾಲಿ ಅನ್ನಿಸುತ್ತಿತ್ತು. ಆಗ ಪರಿಚಯದವರೊಬ್ಬರು ವೀಣಾ ಮೇಡಂ ಹತ್ತಿರ ಕಳಿಸಿದರು. ಅವರು ಮನಶ್ಶಾಸ್ತ್ರದ ಸಂಶೋಧಕಿ, ಯಾದವಗಿರಿಯ ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಕೂತು ಕೆಲಸ ಮಾಡುವವರು. ಮನೆಯಲ್ಲೇ ಕೂತು ದುಡಿಯುವ ಹೆಂಗಸರ ಮನಸ್ಸಿನ ಬಗ್ಗೆ ಒಂದು ಅಧ್ಯಯನ ನಡೆಸುತ್ತಿದ್ದರು. ಮನೆಮನೆಗೆ ಹೋಗಿ ಪ್ರಶ್ನಾವಳಿ ತುಂಬಿಸಿಕೊಂಡು ಬರಲು ಅವರಿಗೆ ಜನ ಬೇಕಿತ್ತು. ಮಾತನಾಡುವ ಕೆಲಸ ಅಂದ ಕೂಡಲೇ ನಾನು ಒಪ್ಪಿಕೊಂಡೆ.

ಮೊದಲ ದಿನ ಮೇಡಂ ವಿವರಿಸಿದ್ದು ಇಷ್ಟು. ಹೊಟ್ಟೆಗೆ ಅನ್ನ ನೀರು ಬೇಕಾದ ಹಾಗೆ ಮನಸ್ಸಿಗೂ ಮೂರು ಬೇಕು. ತನ್ನ ಬದುಕನ್ನು ತಾನೇ ನಡೆಸುತ್ತಿದ್ದೇನೆ ಅನ್ನಿಸಬೇಕು, ತನ್ನ ಕೈಲಿ ಆಗುತ್ತದೆ ಅನ್ನಿಸಬೇಕು, ತನ್ನವರು ಅನ್ನುವವರು ಇರಬೇಕು. ಇವು ಎಷ್ಟು ಸಿಕ್ಕಿವೆ ಎಂದು ಕೇಳಲು ಹತ್ತು ವಾಕ್ಯ. ಇವುಗಳಿಗೆ ಎಷ್ಟು ಪೆಟ್ಟು ಬಿದ್ದಿದೆ ಎಂದು ಕೇಳಲು ಇನ್ನೂ ಹತ್ತು. ಪ್ರತಿ ವಾಕ್ಯವನ್ನು ಓದಿ ಹೇಳಬೇಕು, ಅವರು ಒಂದರಿಂದ ಐದರವರೆಗೆ ಒಂದು ಅಂಕ ಹೇಳಬೇಕು. ಒಂದು ಅಂದರೆ ಸ್ವಲ್ಪವೂ ನಿಜವಲ್ಲ, ಐದು ಅಂದರೆ ಪೂರ್ತಿ ನಿಜ. ಕೊನೆಯಲ್ಲಿ ಒಟ್ಟು ಬದುಕು ಹೇಗಿದೆ, ನಿದ್ದೆ ಹೇಗೆ, ಮನಸ್ಸು ಹಗುರವಾಗಿರುತ್ತದೆಯೇ ಎಂಬಂಥ ನಾಲ್ಕು ಪ್ರಶ್ನೆ.

"ಸಿಕ್ಕಿದ್ದು ಜಾಸ್ತಿ ಇದ್ರೆ ಪೆಟ್ಟು ಕಮ್ಮಿ ಅಂತ ತಾನೇ ಅರ್ಥ? ಎರಡೆರಡು ಸಲ ಯಾಕೆ ಕೇಳ್ಬೇಕು ಮೇಡಂ?" ಎಂದೆ ನಾನು.

"ಊಟ ಬಡಿಸದೇ ಇರೋದು ಬೇರೆ, ಬಡಿಸಿದ ತಟ್ಟೆ ಕಿತ್ಕೊಳ್ಳೋದು ಬೇರೆ ಅಲ್ವಾ ಸುನಂದಾ ಅವರೇ? ಒಂದೇ ಮನೇಲಿ ಎರಡೂ ನಡೀಬಹುದು" ಎಂದರು. ನಾನು ತಲೆಯಾಡಿಸಿದೆ. ಅರ್ಥವಾಗಿರಲಿಲ್ಲ.

ಇನ್ನೊಂದು ನಿಯಮವಿತ್ತು. ಕೇಳುವಾಗ ಪೆನ್ಸಿಲ್‌ನಲ್ಲಿ ಗುರುತು ಹಾಕಬೇಕು. ಮುಗಿದ ಮೇಲೆ ಎಲ್ಲವನ್ನೂ ಅವರಿಗೆ ಮತ್ತೆ ಓದಿ ಹೇಳಿ, ಅವರ ಎದುರಿಗೇ ಪೆನ್ನಿನಲ್ಲಿ ಗಟ್ಟಿ ಮಾಡಬೇಕು. ಆಮೇಲೆ ಫಾರಂ ಮುಟ್ಟಬಾರದು. ಮೊದಲ ವಾರ ನಾನು ಶಿಸ್ತಾಗಿ ಹಾಗೆಯೇ ಮಾಡಿದೆ. ಆಮೇಲೆ ಪೆನ್ನಿನ ಕೆಲಸವನ್ನು ಬಸ್ಸಿನಲ್ಲಿ ಕೂತು ಮಾಡುವುದು ಅಭ್ಯಾಸವಾಯಿತು.

ನಮ್ಮ ಮೈಸೂರಿನ ಜನರ ಹತ್ತಿರ ಅಂಕ ಕೇಳುವುದು ಸುಲಭವಲ್ಲ. ಮನೆಗೆ ಬಂದವರಿಗೆ ಕಡಿಮೆ ಬಡಿಸಿ ಗೊತ್ತಿಲ್ಲ ನಮಗೆ. ಹಪ್ಪಳ ಮಾಡುವ ಒಬ್ಬ ಅಜ್ಜಿ ಎಲ್ಲದಕ್ಕೂ ಐದು ಐದು ಎನ್ನುತ್ತಿದ್ದರು. ಯಾಕಜ್ಜಿ ಎಂದರೆ, "ಬಿಸ್ಲಲ್ಲಿ ಬಂದಿದೀಯ ಕಣಮ್ಮ, ಕಮ್ಮಿ ಯಾಕ್ ಕೊಡ್ಲಿ?" ಎಂದರು. ಇನ್ನೊಬ್ಬರು, "ನಿಮ್ಗೆ ಎಷ್ಟ್ ಬೇಕೋ ಅಷ್ಟ್ ಹಾಕ್ಕೊಳ್ರೀ, ನಮ್ದೇನೂ ಅಭ್ಯಂತರ ಇಲ್ಲ" ಎಂದು ಒಳಗೆ ಹೋಗಿ ಕಾಫಿ ತಂದರು. ಇಂಥದ್ದೆಲ್ಲ ನೋಡಿದ ಮೇಲೆ, ಜನ ಹೇಳಿದ್ದನ್ನು ಹಾಗೆಯೇ ಬರೆದುಕೊಂಡರೆ ಮೇಡಂ ಕೆಲಸ ಕೆಡುತ್ತದೆ, ನನ್ನ ಬುದ್ಧಿಯನ್ನೂ ಸ್ವಲ್ಪ ಉಪಯೋಗಿಸಬೇಕು ಎಂದು ನಾನು ತೀರ್ಮಾನಿಸಿದೆ. ಅನಾಹುತ ಶುರುವಾದದ್ದು ಅಲ್ಲಿಂದ.

ವಿಮಾನ ನಿಲ್ದಾಣದ ಪಕ್ಕದ ಮಂಡಕಳ್ಳಿಯಲ್ಲಿ ಮಾದೇವಮ್ಮನ ಮನೆಗೆ ಹೋದದ್ದು ಒಂದು ಬುಧವಾರ. ನಲವತ್ತರ ಹತ್ತಿರದ ಹೆಂಗಸು. ಗಂಡ ತೀರಿಹೋಗಿ ಆರು ವರ್ಷ. ಹೈಸ್ಕೂಲಿಗೆ ಹೋಗುವ ಒಬ್ಬಳು ಮಗಳು. ಶೀಟಿನ ಮನೆ, ಒಂದೇ ಕೋಣೆ. ಸೀರೆಗೆ ಕುಚ್ಚು ಕಟ್ಟುವುದು ಆಕೆಯ ಕೆಲಸ. ಕಿಟಕಿಯ ಸರಳಿಗೆ ಹಸಿರು ಸೀರೆಯೊಂದರ ಸೆರಗನ್ನು ಸಿಕ್ಕಿಸಿಕೊಂಡು, ಅಂಚಿನ ಉದ್ದಕ್ಕೂ ರೇಷ್ಮೆ ದಾರದ ಗಂಟು ಹಾಕುತ್ತಾ ಕೂತಿದ್ದಳು. ಬೆರಳುಗಳು ಎಷ್ಟು ಚುರುಕೆಂದರೆ ಒಂದು ಗಂಟು ಹೇಗೆ ಬಿತ್ತು ಎಂದು ನೋಡುವುದರೊಳಗೆ ಮೂರು ಬಿದ್ದಿರುತ್ತಿದ್ದವು.

"ಕೂತ್ಕಳಿ ಅಕ್ಕ. ಕೈ ಕೆಲ್ಸ ಮಾಡ್ತಿರ್ತದೆ, ಬಾಯಿ ನಿಮ್ಗೆ ಉತ್ತರ ಕೊಡ್ತದೆ" ಎಂದಳು.

ನಾನು ಓದತೊಡಗಿದೆ. 'ನನ್ನ ಕೆಲಸವನ್ನು ಹೇಗೆ ಮಾಡಬೇಕೆಂದು ನಾನೇ ತೀರ್ಮಾನಿಸುತ್ತೇನೆ.' ಐದು ಎಂದಳು. 'ನಾನು ಮಾಡುವುದರಲ್ಲಿ ಹೆಚ್ಚಿನದು ಬೇರೆಯವರ ಒತ್ತಾಯಕ್ಕೆ.' ಅದಕ್ಕೂ ಐದು. 'ಹಿಡಿದ ಕೆಲಸ ನನ್ನಿಂದ ಆಗುತ್ತದೆ.' ಐದು. 'ನನ್ನ ಕೈಲಿ ಏನೂ ಆಗುವುದಿಲ್ಲ ಅನ್ನಿಸುತ್ತದೆ.' ಸ್ವಲ್ಪ ಯೋಚಿಸಿ, ನಾಲ್ಕು. 'ನನ್ನವರು ಅನ್ನುವವರು ನನಗಿದ್ದಾರೆ.' ಐದು. 'ನನಗೆ ಬೇಕಾದವರೇ ನನ್ನನ್ನು ದೂರ ಇಟ್ಟಿದ್ದಾರೆ.' ಐದು.

ನಡುವೆ ವಿಮಾನವೊಂದು ಇಳಿಯಿತು. ಶೀಟು ಗಡಗಡ ಎಂದಿತು. ಸದ್ದು ನಿಲ್ಲುವವರೆಗೆ ಇಬ್ಬರೂ ಸುಮ್ಮನಿದ್ದೆವು. ಹತ್ತೊಂಬತ್ತನೆಯ ವಾಕ್ಯ, 'ನನ್ನ ಮಾತನ್ನು ಜನ ಕಿವಿಗೆ ಹಾಕಿಕೊಳ್ಳುವುದಿಲ್ಲ' ಎಂಬುದು. ಅದಕ್ಕೆ ಮಾತ್ರ ಎರಡು ಎಂದಳು. ಮುಗಿಯಿತು. ಬೆಲ್ಲದ ಕಾಫಿ ಕುಡಿದು ಹೊರಟೆ. ಓದಿ ಹೇಳಲೂ ಇಲ್ಲ, ಪೆನ್ನು ತೆಗೆಯಲೂ ಇಲ್ಲ.

ಬಸ್ಸಿನಲ್ಲಿ ಫಾರಂ ಬಿಡಿಸಿ ನೋಡಿದೆ. ಆ ಕಡೆಯೂ ಐದು, ಈ ಕಡೆಯೂ ಐದು. ಇದೇನು ಒಗಟು ಎಂದುಕೊಂಡೆ. ಗಂಡನಿಲ್ಲ, ಓದು ಬರಹವಿಲ್ಲ, ಗಂಡನ ಮನೆಯವರು ಹತ್ತಿರ ಸೇರಿಸುವುದಿಲ್ಲ. ಇಂಥವಳಿಗೆ 'ನನ್ನ ತೀರ್ಮಾನ ನನ್ನದೇ' ಎಲ್ಲಿಂದ ಬರಬೇಕು? ಹಪ್ಪಳದ ಅಜ್ಜಿಯ ಹಾಗೆ ಇವಳೂ ಮರ್ಯಾದೆಗೆ ಐದು ಕೊಟ್ಟಿದ್ದಾಳೆ. ಪಾಪ ಅನ್ನಿಸಿತು. ಆ ಪಾಪ ಅನ್ನಿಸಿದ್ದರಲ್ಲೇ ರಬ್ಬರ್ ತೆಗೆದು ಒಳ್ಳೆಯ ಹತ್ತು ಉತ್ತರಗಳನ್ನೂ ಅಳಿಸಿ, ಎರಡು, ಒಂದು, ಎರಡು ಎಂದು ಪೆನ್ನಿನಲ್ಲಿ ಬರೆದೆ. ಕೆಟ್ಟದ್ದನ್ನು ಹಾಗೆಯೇ ಉಳಿಸಿದೆ. ಈಗ ಫಾರಂ ಚೊಕ್ಕವಾಯಿತು. ಹೀಗೆ ಆ ದಿನಗಳಲ್ಲಿ ಒಟ್ಟು ಹನ್ನೊಂದು ಫಾರಂಗಳನ್ನು ನಾನು 'ಸರಿಪಡಿಸಿದೆ'.

ಮುಂದಿನ ವಾರ ವೀಣಾ ಮೇಡಂ ನನ್ನನ್ನು ಕರೆದರು. ಮೇಜಿನ ಮೇಲೆ ನನ್ನ ಫಾರಂಗಳ ಕಟ್ಟು. ಪಕ್ಕದಲ್ಲಿ ಬೇರೆಯಾಗಿ ಹನ್ನೊಂದು.

"ಸುನಂದಾ ಅವರೇ, ಈ ಹನ್ನೊಂದು ಜನ ತುಂಬ ಅಚ್ಚುಕಟ್ಟಾಗಿದ್ದಾರೆ."

"ಹೌದಾ ಮೇಡಂ?" ಎಂದೆ. ನಿಜವಾಗಿ ಹೆಮ್ಮೆಯಾಯಿತು.

"ಒಂದು ಕಡೆ ಜಾಸ್ತಿ ಇದ್ರೆ ಇನ್ನೊಂದು ಕಡೆ ಸರಿಯಾಗಿ ಅಷ್ಟೇ ಕಮ್ಮಿ. ಒಂದು ಕೂದಲೂ ಆಚೆ ಈಚೆ ಇಲ್ಲ. ಮನುಷ್ಯರು ಇಷ್ಟು ಅಚ್ಚುಕಟ್ಟಾಗಿರಲ್ಲ."

ಮೆಲ್ಲಗೆ ಒಂದು ಫಾರಂ ಎತ್ತಿ ಬೆಳಕಿಗೆ ಹಿಡಿದರು. ಪೆನ್ನಿನ ಎರಡರ ಕೆಳಗೆ ಪೆನ್ಸಿಲ್ಲಿನ ಐದು ಮಸುಕಾಗಿ ಕಾಣಿಸುತ್ತಿತ್ತು.

ಸುಳ್ಳು ಹೇಳಲು ಬಾಯಿ ತೆರೆದೆ. ಅವರ ಮುಖದಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಹೇಳಿಯೂ ಬಿಡುತ್ತಿದ್ದೆನೇನೋ. ಎಲ್ಲ ಒಪ್ಪಿಕೊಂಡೆ, ಅತ್ತೂ ಬಿಟ್ಟೆ. ಮೂರು ವರ್ಷದಿಂದ ಈ ಕೆಲಸಕ್ಕೆ ಕೂತ ಹೆಂಗಸು ಅವರು. ನನ್ನಂಥ ಒಬ್ಬಳ ಅತಿಬುದ್ಧಿಯಿಂದ ಎಲ್ಲ ಹಾಳಾಗಬಹುದಿತ್ತು.

"ಈ ಹನ್ನೊಂದನ್ನ ಬಿಟ್ಟುಬಿಡಿ ಮೇಡಂ. ನನ್ನನ್ನೂ ಬಿಟ್ಟುಬಿಡಿ" ಎಂದೆ.

"ಬಿಡೋದು ಸುಲಭ" ಎಂದರು. "ಆದ್ರೆ ಅವರು ನಮ್ಮನ್ನ ನಂಬಿ ಬಾಯಿಬಿಟ್ಟು ಹೇಳಿದ್ದಾರೆ. ಅಳಿಸಿದ್ದನ್ನ ಅವರೇ ತಿರುಗಿ ಹೇಳ್ಬೇಕೇ ಹೊರತು ನೀವೋ ನಾನೋ ಊಹೆ ಮಾಡಿ ಬರೆಯೋ ಹಾಗಿಲ್ಲ. ಹೋಗಿ, ನಿಜ ಹೇಳಿ. ಮತ್ತೆ ಹೇಳ್ತೀನಿ ಅಂದ್ರೆ ಕೇಳಿ. ಬೇಡ ಅಂದ್ರೆ ಕೈಮುಗಿದು ಬನ್ನಿ."

"ಹಾಳೆ ಕಳೆದುಹೋಯ್ತು ಅಂತ ಹೇಳಿ ಕೇಳಲಾ?"

ಮೇಡಂ ನನ್ನನ್ನೇ ನೋಡಿದರು.  ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂದುಕೊಂಡು ಎದ್ದೆ.

ಮರುದಿನ ಬೆಳಿಗ್ಗೆ ಮೊದಲು ಹೋದದ್ದು ಮಂಡಕಳ್ಳಿಗೇ. ಮಾದೇವಮ್ಮ ಅದೇ ಕಿಟಕಿಯ ಹತ್ತಿರ ಕೂತಿದ್ದಳು. ಈ ಸಲ ಸೀರೆ ನೇರಳೆ ಬಣ್ಣದ್ದು. ನನ್ನನ್ನು ಕಂಡು ಮುಖ ಅರಳಿತು. "ಓ, ಅಕ್ಕ ಬಂದ್ಬುಟ್ರು! ಮಗ್ಳ ಹತ್ರ ಏಳ್ದೆ ನಿಮ್ಮ ಸಮಾಚಾರಾನ. ಎಷ್ಟೊಂದ್ ಒಳ್ಳೊಳ್ಳೆ ಮಾತ್ ಕೇಳುದ್ರು ಕಣೇ ಅಂತ."

ಚಾಪೆಯ ಮೇಲೆ ಕೂತು ಹೇಳಿದೆ. ನೀವು ಕೊಟ್ಟ ಉತ್ತರ ಅಳಿಸಿದೆ, ನಾನೇ ಬೇರೆ ಬರೆದೆ, ತಪ್ಪಾಯಿತು ಎಂದೆ. ಕೈ ನಿಂತಿತು. ಆ ಮನೆಯಲ್ಲಿ ಆ ಬೆರಳುಗಳು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಯಾವುದ್ನ ಅಳ್ಸುದ್ರಿ?"

"ಒಳ್ಳೇದಿತ್ತಲ್ಲ... ಅದನ್ನ."

"ಕೆಟ್ಟದ್ನ?"

"ಅದು ಹಾಗೇ ಇದೆ."

 ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ಚೆನ್ನಾಗಿರದ್ನೇ ಅಳ್ಸ್ಬುಟ್ರಲ್ಲ ಅಕ್ಕ" ಎಂದಳು ಅಷ್ಟೆ. "ನಮ್ಮ ಭಾವನೂ ಅಂಗೇ. ನಮ್ಮೋರು ಹೋದಾಗ ನಾನು ಏರ್‌ಪೋರ್ಟಲ್ಲಿ ಕೆಲ್ಸಕ್ಕೆ ಹೋಯ್ತೀನಿ ಅಂದೆ. 'ಅವ್ಳ್ ಕೈಲಿ ಏನಾಯ್ತದೆ, ಮನೇಲೇ ಬಿದ್ದಿರ್ಲಿ' ಅಂದ್ಬುಟ್ರು. ನನ್ನ ಕೇಳ್ನೇ ಇಲ್ಲ."

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಆದರೂ ಕೇಳದೆ ಇರಲಾಗಲಿಲ್ಲ. "ಎರಡು ಕಡೆಗೂ ಐದು ಅಂದಿರಲ್ಲ ಮಾದೇವಮ್ಮ. ಅದು ಹೇಗೆ ಅಂತ ನನಗೆ ಗೊತ್ತಾಗಲಿಲ್ಲ."

"ಗೊತ್ತಾಗ್ನಿಲ್ಲ ಅಂದ್ರೆ ಅವತ್ತೇ ಕೇಳ್ಬೇಕಾಗಿತ್ತು" ಎಂದು, ಸೆರಗನ್ನು ನನ್ನ ಕಡೆಗೆ ಎಳೆದು ತೋರಿಸಿದಳು. "ನೋಡಿ. ಸೀರೆ ನಂದಲ್ಲ. ಬಣ್ಣ ನಂದಲ್ಲ. ಶುಕ್ರವಾರಕ್ಕೆ ಕೊಡ್ಬೇಕು ಅನ್ನದೂ ನಂದಲ್ಲ, ಅಂಗ್ಡಿಯವ್ರದ್ದು. ಇಷ್ಟ ಇದ್ದು ಈ ಕೆಲ್ಸಕ್ಕೆ ಕೂತೋಳೂ ಅಲ್ಲ ನಾನು. ಅದಕ್ಕೆ ಒತ್ತಾಯ ಅಂತ ಐದು ಅಂದೆ. ಆದ್ರೆ ಈ ಗಂಟು ನಂದು. ಎಂಗೆ ಹಾಕ್ಬೇಕು, ಎಲ್ಲಿ ಮಣಿ ಕೂರುಸ್ಬೇಕು ಅಂತ ಅಂಗ್ಡಿಯವ್ರೂ ಏಳಂಗಿಲ್ಲ, ದೇವ್ರೂ ಏಳಂಗಿಲ್ಲ. ಅದಕ್ಕೂ ಐದು. ಎಲ್ಡೂ ನಿಜ. ಒಂದು ನಿಜ ಅಂತ ಇನ್ನೊಂದು ಸುಳ್ಳಾಯ್ತದಾ?"

ಆಮೇಲೆ ಉಳಿದದ್ದನ್ನೂ ಹೇಳಿದಳು. ಕುಚ್ಚಿನಲ್ಲಿ ತನ್ನನ್ನು ಮೀರಿಸುವವರು ಈ ಸುತ್ತಮುತ್ತ ಇಲ್ಲ ಎಂದು ಗೊತ್ತು. ಆದರೆ ಮಗಳ ಸ್ಕೂಲಿನ ಮೀಟಿಂಗಿನಲ್ಲಿ ಕೊಟ್ಟ ಹಾಳೆಯನ್ನು ತಲೆಕೆಳಗಾಗಿ ಹಿಡಿದುಕೊಂಡು ಕೂತಿದ್ದಳಂತೆ, ಪಕ್ಕದವರು ನಕ್ಕರಂತೆ. ಅವತ್ತು ಇಡೀ ದಿನ ಗಂಟು ಸಹ ಸರಿಯಾಗಿ ಬೀಳಲಿಲ್ಲವಂತೆ. ಗಂಡನ ಮನೆಯವರು ಮದುವೆಗೆ ಕರೆಯುವುದಿಲ್ಲ. ಆದರೆ ಬೀದಿಯ ಹೆಂಗಸರು ಜ್ವರ ಬಂದಾಗ ಮೂರು ದಿನ ಸರದಿಯ ಮೇಲೆ ಗಂಜಿ ತಂದುಕೊಟ್ಟರು. ಅದನ್ನು ಯಾವ ಐದರಲ್ಲಿ ಹಿಡಿಸುವುದು ಎಂದು ನನ್ನನ್ನೇ ಕೇಳಿದಳು.

ವೀಣಾ ಮೇಡಂ ತಟ್ಟೆಯ ಮಾತು ಹೇಳಿದಾಗ ನನ್ನ ತಲೆಗೆ ಹೋಗದೇ ಇದ್ದದ್ದು, ಆ ಶೀಟಿನ ಮನೆಯಲ್ಲಿ, ಅಕ್ಷರ ಬಾರದ ಹೆಂಗಸಿನ ಬಾಯಲ್ಲಿ ಎಷ್ಟು ಸಲೀಸಾಗಿ ತಿಳಿಯಿತು! ಎಂಥ ಹೆಂಗಸು ಅನ್ನಿಸಿತು. ತನ್ನ ನೋವನ್ನೂ ಮುಚ್ಚಿಟ್ಟಿರಲಿಲ್ಲ, ನೋವಿದೆ ಎಂದು ಇದ್ದ ಸುಖವನ್ನೂ ಇಲ್ಲವೆಂದಿರಲಿಲ್ಲ. ಅಷ್ಟು ಪ್ರಾಮಾಣಿಕವಾಗಿ ತನ್ನ ಬದುಕನ್ನು ಅಳೆದುಕೊಂಡವಳ ಅಳತೆಯನ್ನು ನಾನು ರಬ್ಬರಿನಿಂದ ಉಜ್ಜಿದ್ದೆ.

"ಇನ್ನೊಂದು ಸಲ ಹೇಳ್ತೀರಾ?" ಎಂದೆ. ಬ್ಯಾಗಿನಿಂದ ಹೊಸ ಫಾರಂ, ಪೆನ್ನು ತೆಗೆದೆ. "ಈ ಸಲ ಪೆನ್ಸಿಲ್ ಇಲ್ಲ."

"ಬ್ಯಾಡ ಬುಡಿ" ಎಂದಳು. ನಾನು ಫಾರಂ ಮಡಚಲು ಹೋದೆ. ಆದರೆ ಅವಳು ಎದ್ದು ಹೋಗಿ ಡಬ್ಬಿಯೊಂದನ್ನು ತಂದಳು. ಅದರ ತುಂಬ ತುಂಡು ರೇಷ್ಮೆ ದಾರ, ಎಲ್ಲ ಬಣ್ಣದ್ದು. "ಪೆನ್ನಲ್ಲಿ ಬರದ್ರೂ ನೀವ್ ಏನ್ ಬರದ್ರಿ ಅಂತ ನಂಗೆ ಓದಕ್ ಬರಕಿಲ್ಲ. ನೀವು ಓದ್ಕಂಡ್ ಹೋಗಿ. ಒಂದೊಂದ್ ಮಾತಿಗೂ ಒಂದೊಂದ್ ದಾರ. ಎಷ್ಟು ಅಂತೀನೋ ಅಷ್ಟು ಗಂಟು ಹಾಕ್ಕೊಡ್ತೀನಿ. ನಾನ್ ಹಾಕಿದ್ ಗಂಟ ಯಾರೂ ಬಿಚ್ಚಕ್ಕಾಗಕಿಲ್ಲ."

ನಾನು ಓದಿದೆ. ಅವಳು ಪ್ರತಿ ಮಾತಿಗೂ ಯೋಚಿಸಿ, ಹೊಂದುವ ಬಣ್ಣ ಆರಿಸಿ, ಗಂಟು ಹಾಕಿ ನನ್ನ ಅಂಗೈಯಲ್ಲಿ ಇಟ್ಟಳು. ಐದು ಗಂಟು, ಐದು ಗಂಟು, ನಾಲ್ಕು ಗಂಟು. ಹದಿನೆಂಟರವರೆಗೂ ಮೊದಲ ಸಲ ಹೇಳಿದ್ದನ್ನೇ, ಒಂದೂ ತಪ್ಪದೆ ಹೇಳಿದಳು. ಮರ್ಯಾದೆಗೆ ಕೊಟ್ಟ ಅಂಕ ವಾರ ಕಳೆದ ಮೇಲೆ ಹಾಗೆ ನೆನಪಿರುವುದಿಲ್ಲ. ಒಂದೊಂದನ್ನೂ ಫಾರಂಗೆ ಪಿನ್ನು ಹಾಕಿ ಸಿಕ್ಕಿಸಿದೆ.

ಹತ್ತೊಂಬತ್ತನೆಯದು ಬಂತು. 'ನನ್ನ ಮಾತನ್ನು ಜನ ಕಿವಿಗೆ ಹಾಕಿಕೊಳ್ಳುವುದಿಲ್ಲ.'

"ಅವತ್ತು ಎಷ್ಟಂದಿದ್ದೆ?"

"ಎರಡು."

ಬಿಳಿಯ ದಾರ ತೆಗೆದಳು. ಒಂದು ಗಂಟು ಹಾಕಿದಳು. ಎರಡನೆಯದು ಹಾಕಿದಳು. ಸ್ವಲ್ಪ ತಡೆದು, ಮೂರನೆಯದನ್ನು ಹಾಕಿ ಹಲ್ಲಿನಿಂದ ಬಿಗಿದಳು. ನನ್ನ ಮುಖ ನೋಡದೆಯೇ ಅಂಗೈಯಲ್ಲಿಟ್ಟು, "ಇದ್ರಲ್ಲಿ ಒಂದು ಗಂಟು ನಿಮ್ದು ಕಣಕ್ಕ" ಎಂದಳು.

ಅಷ್ಟೆ. ಸಿಟ್ಟಿಲ್ಲ, ಚುಚ್ಚುವ ಆಸೆಯೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆಮೇಲೆ ಬೆಲ್ಲದ ಕಾಫಿ ಕೊಟ್ಟಳು. ಪೂರ್ತಿ ಕುಡಿದೆ. ಹೊರಡುವಾಗ ಬಾಗಿಲವರೆಗೆ ಬಂದು, "ಆ ಮೇಡಮ್ಮಾರಿಗೆ ಏಳಿ, ಒಳ್ಳೆ ಕೆಲ್ಸ ಮಾಡ್ತಾವ್ರೆ. ಇದ್ನೆಲ್ಲ ಯಾರ್ ಕೇಳ್ತಾರೆ ನಮ್ಮಂಥೋರ?" ಎಂದಳು.

ಉಳಿದ ಹತ್ತು ಮನೆಗಳಿಗೂ ಹೋದೆ. ಇಬ್ಬರು ಬಾಗಿಲಲ್ಲೇ ಬೇಡ ಎಂದರು. ಒಬ್ಬರು ಚೆನ್ನಾಗಿ ಬೈದರು. ಉಳಿದವರು ಮತ್ತೆ ಹೇಳಿದರು. ಮೊದಲ ಸಲ ಕೊಟ್ಟ ಅಂಕಗಳಲ್ಲಿ ನಾನು ಸುಳ್ಳು ಎಂದುಕೊಂಡಿದ್ದ ಬಹಳಷ್ಟು ನಿಜವೇ ಆಗಿದ್ದವು. ಹಪ್ಪಳದ ಅಜ್ಜಿ ಮಾತ್ರ ಎರಡನೆಯ ಸಲವೂ ಎಲ್ಲದಕ್ಕೂ ಐದೇ ಕೊಟ್ಟರು. ಅದನ್ನು ಹಾಗೆಯೇ ಬರೆದುಕೊಂಡು ಬಂದೆ.

ವೀಣಾ ಮೇಡಂ ಆ ದಾರದ ಫಾರಂ ಅನ್ನು ಮೇಜಿನ ಮೇಲೆ ಹರಡಿ, ಕನ್ನಡಕ ಹಾಕಿಕೊಂಡು ಗಂಟುಗಳನ್ನು ಬೆರಳಿನಿಂದ ಮುಟ್ಟಿ ಎಣಿಸಿದರು.  ಬಿಳಿ ದಾರದ ಕಥೆ ಹೇಳಿ, "ಅಲ್ಲಿ ಎರಡು ಅಂತಲೇ ಹಾಕ್ಕೊಳ್ಳಿ ಮೇಡಂ, ಮೂರನೆಯದು ನನ್ನ ತಪ್ಪಿನಿಂದ ಬಂದದ್ದು" ಎಂದೆ.

"ಮೂರೇ ಇರಲಿ" ಎಂದರು. "ಅವರ ಬದುಕಲ್ಲಿ ಈಗ ನೀವೂ ಒಬ್ಬರಲ್ವಾ? ಏನು ನಡೆದಿದೆ ಅಂತ ಪಕ್ಕದಲ್ಲಿ ಬರೆದಿಡ್ತೀನಿ." ಬರೆದರು. ಅದಾದ ಮೇಲೆ ನನ್ನ ಕಡೆ ಹೊಸ ಫಾರಂಗಳ ಕಟ್ಟನ್ನು ಸರಿಸಿದರು. ನಾಳೆಯಿಂದ ಬರಬೇಡಿ ಎನ್ನುತ್ತಾರೆ ಎಂದೇ ನಾನು ಕೂತಿದ್ದೆ. ತಪ್ಪು ಮಾಡಿದವಳನ್ನು ಮತ್ತೆ ನಂಬುವುದು ಎಷ್ಟು ದೊಡ್ಡದು ಎಂದು ಅವತ್ತು ತಿಳಿಯಿತು. ಆ ಕಟ್ಟಿನ ಮೇಲೆ ಪೆನ್ಸಿಲ್ ಇತ್ತು, ಪೆನ್ನಿತ್ತು. ರಬ್ಬರ್ ಇರಲಿಲ್ಲ.

ಅದೇ ಭಾನುವಾರ ಅತ್ತೆಯನ್ನು ಕರೆದುಕೊಂಡು ಹೋಟೆಲಿಗೆ ಹೋಗಿದ್ದೆವು. ಸಪ್ಲೈಯರ್ ಬಂದು ನಿಂತ. ಎಂದಿನಂತೆ "ಅವರಿಗೆ ಎರಡು ಇಡ್ಲಿ, ಮೆತ್ತಗಿರಲಿ" ಎನ್ನಲು ನನ್ನ ಬಾಯಿ ತೆರೆದಿತ್ತು. ಮುಚ್ಚಿಕೊಂಡೆ. "ಅಮ್ಮ, ನಿಮಗೇನು ಬೇಕು?" ಎಂದು ಕೇಳಿದೆ.

ಅತ್ತೆ ನನ್ನನ್ನೊಮ್ಮೆ, ಮಗನನ್ನೊಮ್ಮೆ ನೋಡಿದರು. ಆಮೇಲೆ ಸಪ್ಲೈಯರ್ ಕಡೆಗೆ ತಿರುಗಿ, "ಒಂದು ಮಸಾಲೆ ದೋಸೆ ಕೊಡಪ್ಪ, ಚೆನ್ನಾಗಿ ಕೆಂಪಗೆ" ಎಂದರು.

"ನಿಮಗೆ ಇಡ್ಲಿ ಅಂದ್ರೆ ಇಷ್ಟ ಅಲ್ವಾ ಅಮ್ಮ?"

"ನಂಗೆ ಇಡ್ಲಿ ಯಾವತ್ತೂ ಸೇರ್ತಿರ್ಲಿಲ್ಲ ಕಣಮ್ಮ" ಎಂದರು ಅತ್ತೆ, ನೀರಿನ ಲೋಟ ಸರಿಸುತ್ತಾ. "ನೀನು ಕೇಳಿರ್ಲಿಲ್ಲ, ಅಷ್ಟೇ."